ಎದುರುಮನೆ ಬಾಗಿಲಿನ ಬಣ್ಣ

ಈ ಬೆಳಿಗ್ಗೆ ಮರಕ್ಕೆ ಬಳಿಯುವ ಸ್ಟೇನ್ ಬಣ್ಣದ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆದೆ. ಥಿನ್ನರ್ ವಾಸನೆ ಮೂಗಿಗೆ ಬಡಿದ ಕೂಡಲೇ ಎದುರುಮನೆ ಟೀಚರಮ್ಮ ನೆನಪಾದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಬಾಗಿಲು ಒರೆಸುತ್ತಿದ್ದ ಟೀಚರಮ್ಮ... ಹೊಟ್ಟೆಯೊಳಗೆ ಹಳೆಯ ಉರಿ ಸಣ್ಣಗೆ ಎದ್ದಿತು.

ಹನ್ನೆರಡು ವರ್ಷದ ಹಿಂದೆ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಅವರ ಮನೆ, ನಮ್ಮ ಮನೆ ಒಟ್ಟಿಗೇ ಎದ್ದವು. ಶ್ರೀನಿವಾಸಪುರದ ಕಡೆ ಉರುಳಿಸಿದ ಒಂದೇ ಹಲಸಿನ ಮರದಲ್ಲಿ ಒಬ್ಬನೇ ಬಡಗಿ ಎರಡೂ ಬಾಗಿಲು ಮಾಡಿದ್ದ. ಹಾಗಾಗಿ ಅವರದು ಚೆನ್ನಾಗಿ ಬಂದು ನನ್ನದು ಕೆಟ್ಟರೆ ಮರವನ್ನು ಬೈಯುವಂತಿರಲಿಲ್ಲ.

ಅವರು ಬಣ್ಣಕ್ಕೆ ಆಳು ಕರೆಯಲಿಲ್ಲ. ಚೂರು ಹಲಗೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬಳಿದು, ಒಣಗಿಸಿ, ಬಿಸಿಲಲ್ಲೊಮ್ಮೆ ನೆರಳಲ್ಲೊಮ್ಮೆ ಹಿಡಿದು ನೋಡುತ್ತಿದ್ದರು. ವಾರವಾದರೂ ಬಾಗಿಲಿಗೆ ಕುಂಚ ಮುಟ್ಟಿಸಲಿಲ್ಲ. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ ಎಂದು ನಾನು ಆಡಿಕೊಂಡೆ. ಕೊನೆಗೆ ಬಳಿದರು, ಮರದ ಎಳೆಯ ಗುಂಟ ಒರೆಸಿದರು. ಬಾಗಿಲು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತು.

ನಮ್ಮತ್ತೆ ಜಗಲಿಯ ಮೇಲೆ ಕೂತು ದಿನವೂ ಅದನ್ನೇ ನೋಡುತ್ತಿದ್ದರು. “ಏಮಮ್ಮಾ, ಆ ಬಾಗ್ಲು ನೋಡು, ಎಷ್ಟು ಲಕ್ಷಣವಾಗೈತೆ! ನೀನೂ ಬಳಿ ಒಂದಿನ.”

ಕೇಳಿ ಕೇಳಿ ತಡೆಯಲಾಗಲಿಲ್ಲ. ಕೋಲಾರದಿಂದ ಅದೇ ಡಬ್ಬಿ ತರಿಸಿ ಒಂದೇ ಮಧ್ಯಾಹ್ನದಲ್ಲಿ ಬಳಿದು ಮುಗಿಸಿದೆ. ಗೃಹಪ್ರವೇಶವಾದಾಗಿನಿಂದ ಪ್ರತಿ ಶುಕ್ರವಾರ ಹೊಸಿಲಿಗೆ ಅರಿಶಿನ ಹಚ್ಚುವಾಗ, ಮರ ಮಿರುಗಲಿ ಎಂದು ಬಾಗಿಲಿಗೂ ಹರಳೆಣ್ಣೆ ಒರೆಸುತ್ತಿದ್ದೆ. ಅದು ಆಗ ನೆನಪಿಗೇ ಬರಲಿಲ್ಲ. ಬಣ್ಣ ಅಲ್ಲಲ್ಲಿ ಕೂತಿತು, ಅಲ್ಲಲ್ಲಿ ಜಾರಿತು. ಕೆಸರಲ್ಲಿ ಹೊರಳಿ ಎದ್ದ ಎಮ್ಮೆಯ ಹಾಗೆ ಕಂಡಿತು ನನ್ನ ಬಾಗಿಲು.

ಟೀಚರಮ್ಮ ಬೀದಿ ದಾಟಿ ಬಂದರು. ಬಾಗಿಲು ಮುಟ್ಟಿ, ಬೆರಳು ಮೂಸಿ ನೋಡಿದರು.

“ಎಣ್ಣೆ ಕುಡಿದ ಮರ ಬಣ್ಣ ಕುಡಿಯಲ್ಲ ಕಣೇ. ಎಮರಿ ಪೇಪರಲ್ಲಿ ಉಜ್ಜಿ ತೆಗೆಯೋಣ, ನಾನೂ ಬರ್ತೀನಿ.”

“ಬೇಡ ಬಿಡಿ ಅಕ್ಕ, ನಮಗೆ ಹಿಂಗೇ ಇಷ್ಟ” ಎಂದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವರು ನಕ್ಕು ಹೋದರು. ಆ ನಗು ನನ್ನನ್ನು ಇನ್ನಷ್ಟು ಸುಟ್ಟಿತು. ಮಾರನೆಯ ವಾರವೇ ಕಂದು ಎನಾಮಲ್ ಪೇಂಟ್ ಬಳಿದು ಮರದ ಎಳೆಯನ್ನೇ ಮುಚ್ಚಿಬಿಟ್ಟೆ. ಆಮೇಲೂ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ತೆಗೆದುಕೊಂಡೆವು, ಬಾಗಿಲಿನ ಮಾತು ಮಾತ್ರ ಎತ್ತಲಿಲ್ಲ. ವರ್ಷ ಕಳೆದಂತೆ ಅವರ ಬಾಗಿಲು ಇನ್ನೂ ಕೆಂಪಾಗುತ್ತ ಹೋಯಿತು... ನಾನು ಅದಕ್ಕೆ ಬೆನ್ನು ಮಾಡಿ ಕೂತು ರಂಗೋಲಿ ಹಾಕುತ್ತಿದ್ದೆ.

ಹೋದ ವರ್ಷ ಟೀಚರಮ್ಮ ತೀರಿಕೊಂಡರು. ಮನೆ ಖಾಲಿ ಮಾಡಲು ಮಾಲೂರಿನಿಂದ ಬಂದಿದ್ದ ಅವರ ತಂಗಿ ಒಂದು ಚೂರು ಹಲಗೆ ತಂದು ಕೈಗಿಟ್ಟರು.

“ನಿಮ್ಮ ಬಾಗ್ಲು ಮಾಡಿ ಮಿಕ್ಕಿದ್ದಂತೆ. ಬಡಗಿ ಹತ್ರ ಕೇಳಿ ಇಸ್ಕೊಂಡಿದ್ರು. ಬರೆದೈತೆ ನೋಡಿ.”

ಹಲಗೆಯ ಮೇಲೆ ಐದು ಪಟ್ಟೆ ಬಣ್ಣಗಳಿದ್ದವು. ಮೇಲೆ ಪೆನ್ಸಿಲಿನಲ್ಲಿ ‘ಹರಳೆಣ್ಣೆ ಹಚ್ಚಿ, ಉಜ್ಜಿ ತೆಗೆದ ಮೇಲೆ’ ಎಂದು ಬರೆದಿದ್ದರು. ನಾಲ್ಕನೆಯ ಪಟ್ಟೆಯ ಪಕ್ಕದಲ್ಲಿ ಇನ್ನೊಂದು ಸಾಲು: ‘ಎದುರುಮನೆ ಹುಡುಗಿಗೆ ಇದು. ನನ್ನದಕ್ಕಿಂತ ಚೆನ್ನಾಗಿ ಬರುತ್ತೆ. ಕೇಳಿದಾಗ ಕೊಡಬೇಕು.’

ನಾನು ಕೇಳಲೇ ಇಲ್ಲ. ಆ ಹಲಗೆಯನ್ನೂ ವರ್ಷವಿಡೀ ಅಟ್ಟದ ಮೇಲಿಟ್ಟೆ. ಸತ್ತ ಮೇಲೂ ಅವರೇ ಗೆದ್ದರಲ್ಲ ಎಂಬ ಸಂಕಟ.

ಮೂರು ದಿನದಿಂದ ಪೇಂಟ್ ಕೆರೆದು, ಉಜ್ಜಿ, ಅಂಗಡಿಯಲ್ಲಿ ಹಲಗೆ ತೋರಿಸಿ ತಂದ ಆ ನಾಲ್ಕನೆಯ ಬಣ್ಣವನ್ನು ಇವತ್ತು ಬಳಿದೆ. ಅವರ ಹಾಗೆಯೇ ಎಳೆಯ ಗುಂಟ ಒರೆಸಿದೆ. ಬರೆದಂತೆಯೇ ಬಂದಿದೆ, ಅವರದಕ್ಕಿಂತ ಚೆನ್ನಾಗಿ. ಹನ್ನೆರಡು ವರ್ಷ ನಾನು ಬಯಸಿದ್ದು ಇಷ್ಟೇ, ನನ್ನ ಬಾಗಿಲು ಅವರದನ್ನು ಮೀರಿಸಬೇಕು, ಅವರು ಅದನ್ನು ನೋಡಬೇಕು.

ಬಟ್ಟೆ ಕೈಯಲ್ಲೇ ಹಿಡಿದು ಬೀದಿಯತ್ತ ತಿರುಗಿದೆ. ಎದುರುಮನೆ ಕೊಂಡವರು ಆ ಬಾಗಿಲು ಕಿತ್ತು ಕಬ್ಬಿಣದ್ದು ಹಾಕಿದ್ದಾರೆ. ಅದು ಮುಚ್ಚಿತ್ತು...