ಬೈಸಿಕೊಳ್ಳಲು ಕಟ್ಟಿದ ಚಂದಾ

ನಮ್ಮ ಗರಡಿಯಿಂದ ಒಬ್ಬ ಪದವೀಧರ ಬರುವುದು ಆಗದ ಮಾತು ಎಂದವರು ಚಿತ್ರದುರ್ಗದ ವಾರಪತ್ರಿಕೆಯೊಂದರ ಸಂಪಾದಕರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಪದವಿ ಎಂದರೇನೆಂದು ತಿಳಿದವರು ಮನೆಯಲ್ಲಿದ್ದರೆ ತಾನೇ ಅನ್ನುವುದು? ಸಂಪಾದಕರು ಅದನ್ನು ನನ್ನ ಎದುರಿಗೇ, ಬಿಳಿ ಕೋಟಿನ ಮೇಲೆ ಬಿದ್ದ ಕೆಂಪು ಮಣ್ಣನ್ನು ಕೊಡವಿಕೊಳ್ಳುತ್ತಾ ಹೇಳಿದರು. ಆ ಮಣ್ಣು ಅವರ ಕೋಟಿನ ಮೇಲೆ ಹೇಗೆ ಬಂತೆಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನಮ್ಮದು ಹೊಳಲ್ಕೆರೆ. ನಾನು ಕೂಸಾಗಿದ್ದಾಗಲೇ ತಂದೆ ಜ್ವರದಲ್ಲಿ ತೀರಿಕೊಂಡರು. ಅವ್ವನನ್ನೂ ನನ್ನನ್ನೂ ಸಾಕಿದವನು ಸೋದರಮಾವ. ಹಗಲು ಹೊಲ, ಬೆಳಗು ಸಂಜೆ ಗರಡಿ, ಇಷ್ಟೇ ಅವನ ಬದುಕು. ಗರಡಿಗೆ ಅವನು ವಸ್ತಾದ. ಹುಡುಗರಿಗೆ ಪಟ್ಟು ಕಲಿಸುವವನೂ ಅವನೇ, ಬಿದ್ದವರ ಭುಜ ಎಳೆದು ಸರಿಮಾಡುವವನೂ ಅವನೇ. ನನ್ನ ಮೈ ಮಾತ್ರ ಕುಸ್ತಿಗೆ ಒಗ್ಗಲಿಲ್ಲ. ಕಾಲಿಗೆ ಕಾಲು ಕೊಟ್ಟರೆ ಸಾಕು, ಬಿದ್ದುಹೋಗುತ್ತಿದ್ದೆ. "ಇವ್ನು ಅಖಾಡಕ್ಕಲ್ಲ, ಅಕ್ಷರಕ್ಕೆ" ಎಂದು ಮಾವ ನನ್ನನ್ನು ಶಾಲೆಗೆ ಹಾಕಿದ. ಹೀಗೆ ಇಡೀ ಗರಡಿಗೆ ಓದಬಲ್ಲವನು ನಾನೊಬ್ಬನೇ ಆದೆ.

ಸುಗ್ಗಿ ಮುಗಿದ ಮೇಲೆ ದುರ್ಗದಲ್ಲಿ, ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ ಪಂದ್ಯಗಳಾಗುತ್ತಿದ್ದವು. ನಮ್ಮ ಪೈಲ್ವಾನರ ಹಿಂದೆ ಊರಿನ ಅರ್ಧ ಜನ ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದರು. ಎಲ್ಲರಿಗಿಂತ ಮುಂದೆ ಗಾಣದ ಅಜ್ಜ. ಗರಡಿಗೆ ಬೇಕಾದ ಎಣ್ಣೆಯನ್ನೆಲ್ಲಾ ಅವನೇ ಕೊಡುತ್ತಿದ್ದ, ಪಂದ್ಯದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ವಾರವಿಡೀ ಸನ್ನೆಯಲ್ಲೇ ವ್ಯಾಪಾರ ಮಾಡುತ್ತಿದ್ದ.

ಪಂದ್ಯದ ಸುದ್ದಿಯನ್ನು ಅಚ್ಚುಹಾಕುತ್ತಿದ್ದ ಪತ್ರಿಕೆ ಅದೊಂದೇ. ಅದು ದುರ್ಗದ ಗರಡಿಯ ಪಕ್ಷ. ನಾವು ಸೋತರೆ ಸುದ್ದಿ ಮೊದಲ ಪುಟದಲ್ಲಿ ಬರುತ್ತಿತ್ತು. ಗೆದ್ದರೆ ಕಾಲಂ ಪೂರ್ತಿ ನಮ್ಮವರ ಕೂಗಾಟ, ಎಲೆಯಡಿಕೆ ಉಗುಳಿದ್ದು, ಗಾಡಿಯ ಎತ್ತುಗಳು ಪೇಟೆ ಬೀದಿಯಲ್ಲಿ ಸಗಣಿ ಹಾಕಿದ್ದು, ಇವೆಲ್ಲಾ ಮುಗಿದ ಮೇಲೆ ಕೊನೆಯಲ್ಲಿ, "ಜಯವು ಹೊಳಲ್ಕೆರೆಯವರ ಪಾಲಾಯಿತೆಂದು ತಿಳಿದುಬಂದಿದೆ." ಕಣ್ಣಾರೆ ನೋಡಿ ಹೋದವರೇ ಹೀಗೆ ಬರೆಯುತ್ತಿದ್ದರು.

"ತಿಳಿದು ಬಂದೈತಂತೆ! ಆ ಬರಿಯೋನು ನನ್ ಪಕ್ಕದಾಗೇ ಕುಂತಿದ್ನಲ್ಲೋ, ನನ್ ಎಲೆಸಂಚಿಯಿಂದ ಅಡಿಕೆ ತಗಂಡು ತಿಂದ್ನಲ್ಲೋ!" ಎಂದು ಗಾಣದ ಅಜ್ಜ ಎಗರಾಡುತ್ತಿದ್ದ.

"ನೀನು ಅಡಿಕೆ ಕೊಟ್ಟಿದ್ದು ತಪ್ಪು. ಸುಣ್ಣ ಜಾಸ್ತಿ ಹಚ್ಚಿ ಕೊಡಬೇಕಿತ್ತು, ನಾಲಗೆ ಸುಟ್ಕಳ್ಳೋನು" ಎಂದು ಯಾರೋ ಒಬ್ಬರು ಹೇಳಿದರೆ ನಗು.

ಇಷ್ಟಾದರೂ ಆ ಪತ್ರಿಕೆಗೆ ಗರಡಿಯಿಂದ ವರ್ಷ ವರ್ಷ ಚಂದಾ ಹೋಗುತ್ತಿತ್ತು. ಬೈಸಿಕೊಳ್ಳುವುದಕ್ಕೆ ನಾವೇ ಚಂದಾ ಕಟ್ಟುತ್ತಿದ್ದೆವು. ಪತ್ರಿಕೆ ಟಪ್ಪಾಲಿನಲ್ಲಿ ಬರುತ್ತಿತ್ತು, ಎಲ್ಲರೂ ಅಖಾಡದ ಸುತ್ತ ಕೂರುತ್ತಿದ್ದರು, ನಾನು ನಿಂತು ಓದುತ್ತಿದ್ದೆ. ನಾನು ದುರ್ಗದ ಹೈಸ್ಕೂಲಿಗೆ ಸೇರಿದ ಮೇಲೆ ರಜೆಗೆ ಬರುವವರೆಗೂ ಕಂತೆ ಕಟ್ಟಿಟ್ಟು, ಅಷ್ಟೂ ಬೈಗುಳವನ್ನು ಒಂದೇ ಸಲಕ್ಕೆ ಓದಿಸಿ ಕೇಳುತ್ತಿದ್ದರು.

"ಪುಂಡರು", "ಒರಟರು", "ನಾಗರಿಕತೆಯ ಗಾಳಿ ಸೋಂಕದವರು" ಎಂಬ ಮಾತುಗಳನ್ನು ನಾನು ಓದಬೇಕಾಗಿದ್ದದ್ದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನ ಮುಖಕ್ಕೆ. ಬರೆದವನಿಗೆ ನಾಚಿಕೆ ಇರಲಿಲ್ಲ. ಕೇಳುವವರು ಕೋಪದಲ್ಲಿ ಇರುತ್ತಿದ್ದರು. ಮಧ್ಯೆ ನಾಚಿಕೆ ನನಗೆ ಮಾತ್ರ ಉಳಿಯುತ್ತಿತ್ತು. ಓದುತ್ತಾ ಓದುತ್ತಾ ಕಿವಿ ಬಿಸಿಯಾಗುತ್ತಿತ್ತು. ಮಾವ ಬೈಯುತ್ತಿರಲಿಲ್ಲ, ಎಗರಾಡುತ್ತಿರಲಿಲ್ಲ. ಎಲ್ಲಾ ಮುಗಿದ ಮೇಲೆ ಒಂದೇ ಮಾತು ಹೇಳುತ್ತಿದ್ದ: "ನೆಟ್ಟಗೆ ಆಡಿ ಗೆದ್ರು ಅಂತ ಒಂದ್ ಸಾಲು ಅಚ್ಚಾಗ್ಲಿ. ಅದನ್ನ ಕಿವಿಯಾರೆ ಕೇಳಿದ್ರೆ ನಂಗೆ ಸಾಕು."

ಅವನಿಗೆ ಬೇಕಾಗಿದ್ದದ್ದು ಆ ಒಂದು ಸಾಲು. ಗದೆಯಲ್ಲ, ಶಾಲಲ್ಲ.

ನಾನು ಹೈಸ್ಕೂಲು ಮುಗಿಸುವ ವರ್ಷ ದುರ್ಗದ ಪಂದ್ಯದಲ್ಲಿ ಮಾವನ ಶಿಷ್ಯನೊಬ್ಬ ಅಲ್ಲಿಯ ದೊಡ್ಡ ಪೈಲ್ವಾನನನ್ನು ಚಿತ್ ಮಾಡಿದ. ಬೆನ್ನು ಪೂರ್ತಿ ನೆಲಕ್ಕೆ ಹತ್ತಿದ್ದನ್ನು ಇಡೀ ದುರ್ಗ ನೋಡಿತು. ಮುಂದಿನ ವಾರ ಪತ್ರಿಕೆ ಬರೆದದ್ದನ್ನು, ರಜೆಯವರೆಗೆ ಕಾಯದೆ, ನಾನೇ ಊರಿಗೆ ಹೋಗಿ ಓದಿ ಹೇಳಿದೆ: "ಎದುರಾಳಿಯ ಮೇಲೆ ಮಣ್ಣೆರಚಿ, ಕಣ್ಣು ಕಾಣದಂತೆ ಮಾಡಿ, ಹೊಳಲ್ಕೆರೆಯವರು ಗೆಲುವನ್ನು ಕದ್ದರು."

ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡಿರುತ್ತಾರೆ. ಅದಕ್ಕೆ ಮಟ್ಟಿ ಎನ್ನುತ್ತೇವೆ. ಕೈ ಜಾರದಿರಲೆಂದು ಒಬ್ಬರ ಮೈಗೆ ಒಬ್ಬರು ಹಾಕಿಕೊಂಡೇ ಕುಸ್ತಿ ಶುರುವಾಗುವುದು. ಅಷ್ಟೇ ಅಲ್ಲ, ನಮ್ಮ ಗರಡಿಗೆ ದೊಡ್ಡವರು ಯಾರು ಬಂದರೂ ವಸ್ತಾದ ಒಂದು ಹಿಡಿ ಮಟ್ಟಿ ತೆಗೆದು ಅವರ ಎರಡೂ ಭುಜಕ್ಕೆ ಸವರುತ್ತಿದ್ದ. ಅಮಲ್ದಾರರು ಬಂದಾಗಲೂ ಸವರಿದ್ದ, ಅವರು ಬಗ್ಗಿ ಸವರಿಸಿಕೊಂಡಿದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

"ಆ ಮನುಷ್ಯಂಗೆ ಮಟ್ಟಿ ಅಂದ್ರೆ ಏನಂತ ಗೊತ್ತಿಲ್ಲ. ಗೊತ್ತಿದ್ರೆ ಹಂಗೆ ಬರೀತಿರ್ಲಿಲ್ಲ. ಹೋಗಾಣ ನಡೀರಿ, ಒಳ್ಳೆ ಮಾತ್ನಾಗೆ ತಿಳಿಸಿ ಬರಾಣ" ಎಂದು ಮಾವ ಹೊರಟ. ಜೊತೆಗೆ ಗಾಣದ ಅಜ್ಜ, ಗೆದ್ದ ಪೈಲ್ವಾನ. ಶಾಲೆಗೆಂದು ಮೊದಲೇ ಮರಳಿದ್ದ ನಾನು ದುರ್ಗದಲ್ಲಿ ಸೇರಿಕೊಂಡೆ. ಮಾವನ ಕೈಯಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ ಇತ್ತು. ಹಣ್ಣು ಕಾಯಿ ಇರಬಹುದೆಂದುಕೊಂಡೆ.

ಅಚ್ಚುಕೂಟ ಪೇಟೆಯ ಒಂದು ಇಕ್ಕಟ್ಟು ಪಡಸಾಲೆ. ಸಂಪಾದಕರು ಮೇಜಿನ ಮುಂದೆ ನಿಂತು, ಆ ವಾರದ ಪುಟಕ್ಕೆ ಜೋಡಿಸಿಟ್ಟ ಅಚ್ಚಿನ ಮೊಳೆಗಳನ್ನು ನೋಡುತ್ತಿದ್ದರು. ನಾನು ಕೈಮುಗಿದು, ನಾವು ಇಂಥವರು ಎಂದು ಹೇಳಿದೆ. ಅವರು ಬೈಯಲಿಲ್ಲ. "ಬನ್ನಿ, ಏನು ವಿಷಯ?" ಎಂದರು.

ಆ "ಬನ್ನಿ" ಎಂಬ ಮಾತಿಗೆ ಮಾವ ಕರಗಿಹೋದ. "ಸ್ವಾಮೇರು ದೊಡ್ಡೋರು. ಮೊದ್ಲು ನಮ್ ಮರ್ಯಾದೆ ತಗಳ್ರಿ, ಆಮೇಲೆ ಮಾತು" ಎಂದವನೇ ಬಟ್ಟೆ ಸರಿಸಿ, ತಟ್ಟೆಯಿಂದ ಬೊಗಸೆ ತುಂಬ ಮಟ್ಟಿ ತೆಗೆದು ಅವರ ಬಿಳಿ ಕೋಟಿನ ಎರಡೂ ಭುಜಕ್ಕೆ ಸವರಿಬಿಟ್ಟ. ಸಂಪಾದಕರು ಬೆಚ್ಚಿ ಹಿಂದಕ್ಕೆ ಹಾರಿದರು, ಮೊಣಕೈ ತಟ್ಟೆಗೆ ಬಡಿಯಿತು, ಉಳಿದ ಮಟ್ಟಿಯೆಲ್ಲಾ ಜೋಡಿಸಿಟ್ಟ ಮೊಳೆಗಳ ಮೇಲೆ ಸುರಿಯಿತು. ಎಣ್ಣೆ ಮಣ್ಣು ಅಕ್ಷರದ ಸಂದು ಸಂದಿಗೂ ಇಳಿಯಿತು.

"ಹೊಡೀತಾರೆ! ಪೊಲೀಸರನ್ನು ಕರೀರೋ!" ಎಂದು ಅವರು ಕೂಗಿದರು.

"ಅಯ್ಯೋ, ಹೊಡ್ದಿಲ್ಲ ಸ್ವಾಮಿ, ಮರ್ಯಾದೆ ಮಾಡಿದ್ದು!" ಎಂದು ಗಾಣದ ಅಜ್ಜ ಅದಕ್ಕಿಂತ ಜೋರಾಗಿ ಕೂಗಿದ. ಪಂದ್ಯದ ಗಂಟಲು, ಬೀದಿಯ ಜನವೆಲ್ಲಾ ಬಾಗಿಲಿಗೆ ಬಂದರು.

ಪೈಲ್ವಾನ ಪಾಪ, ತಪ್ಪು ಸರಿಮಾಡಲು ಹೋಗಿ, ತನ್ನ ಪೇಟ ಬಿಚ್ಚಿ ಮೊಳೆಗಳನ್ನು ಒರೆಸಿದ. ಒರೆಸಿದ್ದಕ್ಕೆ ಇದ್ದ ಸಾಲುಗಳೂ ಕಲಸಿಹೋದವು.

ನಾನು ಒಂದೇ ಉಸಿರಿಗೆ ಎಲ್ಲವನ್ನೂ ವಿವರಿಸಿದೆ. ಮಟ್ಟಿ ಎಂದರೇನು, ಅಮಲ್ದಾರರು ಬಂದಾಗ ಏನಾಯಿತು, ಪಂದ್ಯದಲ್ಲಿ ಏನಾಯಿತು. ಅವರು ಮಣ್ಣು ಕೊಡವಿಕೊಳ್ಳುತ್ತಾ ಕೇಳಿದರು. ಕೊನೆಗೆ ಹೇಳಿದರು: "ಗರಡಿಯವರ ಮಾತನ್ನು ನಾನು ಅಚ್ಚುಹಾಕುವುದಿಲ್ಲ. ನಿಮ್ಮಲ್ಲಿ ಒಬ್ಬ ಪದವೀಧರ ಸಹಿಮಾಡಿ ಬರೆದುಕೊಟ್ಟರೆ ಹಾಕುತ್ತೇನೆ. ಆದರೆ ನಿಮ್ಮ ಗರಡಿಯಿಂದ ಪದವೀಧರ ಬರುವುದು ಆಗದ ಮಾತು. ಹೋಗಿ ಬನ್ನಿ."

ದುರ್ಗದ ಬೀದಿಯಲ್ಲಿ ಮಾವ ಖಾಲಿ ತಟ್ಟೆ ಹಿಡಿದು ಮುಂದೆ, ನಾವು ಹಿಂದೆ. ನನ್ನ ಶಾಲೆಯ ಹುಡುಗರು ಅಂಗಡಿಗಳ ಮುಂದೆ ನಿಂತು ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ತಿರುಗಿ ಕೇಳಿದ: "ಪದವೀಧರ ಅಂದ್ರೆ ಏನ್ಲೇ? ಎಷ್ಟು ಓದ್ಬೇಕು?"

"ಬೆಂಗಳೂರಿಗೆ ಹೋಗಿ ಓದ್ಬೇಕು ಮಾವ. ವರ್ಷಾನುಗಟ್ಟಲೆ."

"ಹಂಗಾದ್ರೆ ಹೋಗು."

ಅಷ್ಟೇ ಮಾತಾಯಿತು. ಮುಂದಿನ ವಾರದ ಪತ್ರಿಕೆಯಲ್ಲಿ "ಅಚ್ಚುಕೂಟದ ಮೇಲೆ ದಾಳಿ" ಎಂದು ಬಂತು. ಅದನ್ನೂ ನಾನೇ ಓದಿದೆ.

ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ದಿನಕ್ಕೊಂದು ಮನೆಯಂತೆ ವಾರಾನ್ನ ಹಿಡಿದೆ, ಮಕ್ಕಳಿಗೆ ಪಾಠ ಹೇಳಿದೆ, ಬೇರೆಯವರು ಓದಿ ಬಿಟ್ಟ ಪುಸ್ತಕ ಓದಿದೆ. ಕಷ್ಟ ಹೇಳಿಕೊಂಡು ಪುಟ ತುಂಬಿಸುವುದಿಲ್ಲ, ನನ್ನಂತೆ ಓದಿದವರಿಗೆಲ್ಲಾ ಅದು ಗೊತ್ತು. ಆದರೆ ಒಂದನ್ನು ಹೇಳಬೇಕು. ದುರ್ಗದ ಒಬ್ಬ ವಿದ್ಯಾರ್ಥಿಗೆ ಆ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿ ನಗಿಸುತ್ತಿದ್ದ. ಒಂದು ದಿನ ಕೇಳಿದ: "ಇವರು ನಿಮ್ಮೂರಿನವರಲ್ಲವೇನಯ್ಯ? ಈ ವಸ್ತಾದ ಯಾರು, ಗೊತ್ತೋ?"

"ಗೊತ್ತು. ನನ್ನ ಸೋದರಮಾವ. ನನಗೆ ಅನ್ನ ಹಾಕಿದವನು" ಎಂದೆ.

ಆ ಹುಡುಗ ಪತ್ರಿಕೆ ಮಡಚಿಟ್ಟ. ನಾನು ಸರಿಯಾಗಿಯೇ ಉತ್ತರ ಕೊಟ್ಟಿದ್ದೆ, ಆದರೂ ಮುಖ ಉರಿಯುತ್ತಿತ್ತು. ಹೆಮ್ಮೆಯಿಂದ ಹೇಳಬೇಕಾದ ಮಾತಿಗೆ ಮುಖ ಯಾಕೆ ಉರಿಯಬೇಕು ಎಂದು ಇನ್ನಷ್ಟು ನಾಚಿಕೆಯಾಯಿತು.

ಪದವಿಯ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಊರಿಗೆ ಬಂದು ಹೇಳಿದಾಗ ಮಾವ ಕೇಳಿದ: "ಯಾವ ಪಟ್ಟಿನಾಗೆ ಬಿದ್ದೆ?"

"ಇಂಗ್ಲಿಷಿನಲ್ಲಿ."

"ಮಿಕ್ಕಿದ್ದೆಲ್ಲಾ ಬಿಟ್ಟು ಅದ್ನೇ ದಿನಾ ಸಾಮು ಮಾಡು, ಹೋಗು."

ಮಾಡಿದೆ. ಮರುವರ್ಷ ಪಾಸಾದೆ. ಆಗ ನಮ್ಮ ಕಾಲೇಜಿಗೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯ. ಅಲ್ಲಿಗೆ ಹೋಗಿ, ಬಾಡಿಗೆಯ ಕಪ್ಪು ನಿಲುವಂಗಿ ತೊಟ್ಟು ಸರ್ಟಿಫಿಕೇಟು ತೆಗೆದುಕೊಂಡೆ. ಬೆಂಗಳೂರಿಗೆ ಮರಳಿ ಬಂದವನೇ ಮೊದಲು ಮಾಡಿದ ಕೆಲಸವೆಂದರೆ ಆ ಸಂಪಾದಕರಿಗೆ ಬರೆದದ್ದು. ಮಟ್ಟಿಯ ಪದ್ಧತಿ ಬರೆದೆ, ದುರ್ಗದ ಪಂದ್ಯವನ್ನು ನಮ್ಮವರು ನೆಟ್ಟಗೆ ಆಡಿ ಗೆದ್ದರೆಂದು ಬರೆದೆ. ಓದಿದವನ ಸೌಜನ್ಯ ಕಾಣಲೆಂದು, ಅಚ್ಚಿನ ಮೊಳೆಗಳು ಕೆಟ್ಟದ್ದಕ್ಕೆ ವಿಷಾದಿಸುತ್ತೇವೆಂದು ಒಂದು ವಾಕ್ಯ ಸೇರಿಸಿದೆ. ಹೆಸರಿನ ಮುಂದೆ ಬಿ.ಎ. ಎಂದು ಹಾಕಿ ಕಳಿಸಿ, ಬರೆದ ಸಂಗತಿಯನ್ನೂ ನಾನು ಬರುವ ದಿನವನ್ನೂ ಊರಿಗೆ ಹೇಳಿಕಳಿಸಿದೆ.

ನಾನು ಹೊಳಲ್ಕೆರೆ ತಲುಪಿದ ಹೊತ್ತಿಗೆ ಆ ವಾರದ ಪತ್ರಿಕೆ ಬಂದಿತ್ತು. ಯಾರೂ ಬಿಡಿಸಿರಲಿಲ್ಲ. ನೇರವಾಗಿ ಗರಡಿಗೇ ಹೋದೆ. ಮಾವ ಒಗೆದ ಪಂಚೆಯುಟ್ಟು ಮುಂದೆ ಕೂತಿದ್ದ. "ಅವ್ನು ಕೊಟ್ಟ ಮಾತು. ಇವತ್ತು ಹಾಕೇ ಇರ್ತಾನೆ. ಓದಪ್ಪ" ಎಂದ. ಅವತ್ತು ಲೇ ಎನ್ನಲಿಲ್ಲ, ಅಪ್ಪ ಎಂದ.

ತಲೆಬರಹ "ಕಗ್ಗತ್ತಲಲ್ಲೊಂದು ಕಿರುದೀಪ" ಎಂದಿತ್ತು. ಕೆಳಗೆ: "ಪುಂಡರ ಗರಡಿಯ ನೆರಳಿನಲ್ಲಿ ಬೆಳೆದೂ ವಿದ್ಯೆಯಿಂದ ಶುದ್ಧನಾದ ಈ ತರುಣ ಪದವೀಧರನು, ತನ್ನವರ ಅನಾಗರಿಕ ಕೃತ್ಯಕ್ಕಾಗಿ ವಿಷಾದ ಸೂಚಿಸಿ ನಮಗೆ ಬರೆದಿರುವನು. ಇಂಥವನು ಅಂಥವರ ನಡುವೆ ಹುಟ್ಟಿದ್ದು ಆಶ್ಚರ್ಯ." ನನ್ನ ಕಾಗದದಿಂದ ತೆಗೆದುಕೊಂಡದ್ದು ಆ ಸೌಜನ್ಯದ ವಾಕ್ಯ ಒಂದನ್ನೇ. ಮಟ್ಟಿಯ ಮಾತಿಲ್ಲ. ಗೆದ್ದ ಮಾತಿಲ್ಲ.

ಕೊನೆಯವರೆಗೂ ಓದಿದೆ. ಮುಂಚೆ ಅವರಿಗಾಗಿ ನಾಚುತ್ತಿದ್ದೆ. ಈಗ ನನ್ನನ್ನು ಹೊಗಳಿದ್ದಕ್ಕೇ ಅವರ ಮುಂದೆ ತಲೆಯೆತ್ತಲಾಗಲಿಲ್ಲ. ಇಷ್ಟು ವರ್ಷ ಓದಿದ್ದು ಅವರನ್ನು ಬೈಯುವವನ ಕೈಗೆ ಇನ್ನೊಂದು ಕೋಲು ಕೊಡುವುದಕ್ಕೇ ಏನು?

"ಕಗ್ಗತ್ತಲು ಅಂದ್ರೆ ಯಾರಪ್ಪ?" ಎಂದು ಗಾಣದ ಅಜ್ಜ ಕೇಳಿದ.

"ನಾವೇ ಕಣಜ್ಜ, ಇನ್ಯಾರು?" ಎಂದ ಪೈಲ್ವಾನ. ಯಾರೂ ನಗಲಿಲ್ಲ.

ಚೀಲದಿಂದ ಸರ್ಟಿಫಿಕೇಟನ್ನು ತೆಗೆದು ಎರಡೂ ಕೈಯಲ್ಲಿ ಮಾವನ ಮುಂದೆ ಹಿಡಿದೆ. ಅವನು ಎದ್ದು ನಿಂತು, ಕೈಯನ್ನು ಪಂಚೆಗೆ ಒರೆಸಿ, ಒರೆಸಿದ ಕೈ ನೋಡಿಕೊಂಡು ಇನ್ನೊಮ್ಮೆ ಒರೆಸಿ, ಕಾಗದವನ್ನು ಅಂಚಿನಲ್ಲಿ ಹಿಡಿದ. ಓದುವವನಂತೆ ಮೇಲಿನಿಂದ ಕೆಳಗಿನವರೆಗೂ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಈಟು ವರ್ಷ ಓದಾಕೆ ಬರೋನು ನೀನೊಬ್ನೇ ಇದ್ದೆ. ಅದಕ್ಕೇ ನಾಚ್ಕೆನೆಲ್ಲಾ ನೀನೊಬ್ನೇ ಹೊತ್ಕಂಡೆ. ನಾಳೆಯಿಂದ ನಮ್ಗೂ ಅಕ್ಷರ ಕಲ್ಸು ಬಾರಪ್ಪ. ಎಲ್ರೂ ಸೇರಿ ನಾಚ್ಕಳಾಣ."