ಅಣ್ಣನ ಕಾಲಿನ ಜೆಲ್ ಪಟ್ಟಿ

ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೋಣೆಯ ಸಿಸ್ಟರ್ ಎದುರು ಯಾವ ರೋಗಿಯೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪಟ್ಟಿ ನೆನೆಸಬೇಡಿ ಅಂದರೆ ನೆನೆಸುತ್ತಿರಲಿಲ್ಲ, ಕೆರೆಯಬೇಡಿ ಅಂದರೆ ಕೆರೆಯುತ್ತಿರಲಿಲ್ಲ. ಅವಳ ಮಾತು ನಡೆಯದಿದ್ದದ್ದು ಒಬ್ಬನ ಹತ್ತಿರ ಮಾತ್ರ, ಒಡಹುಟ್ಟಿದ ಅಣ್ಣನ ಹತ್ತಿರ. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಅಣ್ಣ ವೆಲ್ಡರ್. ಕಾದ ಕಬ್ಬಿಣದ ತುಂಡು ಜಾರಿ ಬಿದ್ದು ಮೊಣಕಾಲಿನ ಕೆಳಗೆ ಅಂಗೈಯಗಲ ಸುಟ್ಟಿತ್ತು. ಅದಕ್ಕೆ ಟೂತ್‌ಪೇಸ್ಟ್ ಮೆತ್ತಿಕೊಂಡು ಓಡಾಡಿದ. ಗಾಯ ಕೀವಾಗಿ ವಾಸನೆ ಹೊಡೆದಾಗ ಅತ್ತಿಗೆ ಎಳೆದು ತಂದಳು. ಡಾಕ್ಟರು ಹೈಡ್ರೋಜೆಲ್ ಪಟ್ಟಿ ಹಾಕಲು ಹೇಳಿದರು. ತಂಗಿ ಗಾಯ ತೊಳೆದು, ತಣ್ಣನೆಯ ಆ ಮೆತ್ತನೆ ಹಾಳೆಯನ್ನು ಮೆಲ್ಲಗೆ ಹಾಸಿದಳು.

"ಇದರಲ್ಲಿ ಬಹುಪಾಲು ನೀರೇ. ಗಾಯ ಒಣಗದ ಹಾಗೆ ನೋಡ್ಕೊಳ್ಳುತ್ತೆ. ಬೆಳ್ಳಿ ಅಂಶ ಇದೆ, ಕ್ರಿಮಿ ಸಾಯುತ್ತೆ. ನಾನು ಹೇಳೋವರೆಗೂ ಮುಟ್ಟಬೇಡ."

"ಒಣಗಿದ್ರೆ ತಾನೇ ಗಾಯ ಮಾಯೋದು?"

"ಒಣಗಿ ಹಕ್ಕಳೆ ಕಟ್ಟಿದ್ರೆ ಹೊಸ ಚರ್ಮ ಬರೋದು ನಿಧಾನ ಅಣ್ಣ."

"ಸರಿ ಬಿಡು," ಅಂದ. ಅವನು ಸರಿ ಬಿಡು ಅಂದರೆ ಕೇಳಲಿಲ್ಲ ಅಂತಲೇ ಅರ್ಥ.

ಮರುದಿನವೇ ಅತ್ತಿಗೆಯ ಫೋನು. "ಪಟ್ಟಿ ಕಿತ್ತು, ಫ್ಯಾನಿನ ಕೆಳಗೆ ಕಾಲು ಚಾಚ್ಕೊಂಡು ಕೂತಿದ್ದಾರೆ ನೋಡು, ನಿಮ್ಮಣ್ಣ!"

ಕೇಳಿದರೆ, ಒಳಗೆ ಬೆಳ್ಳಗೆ ಊದಿತ್ತು, ಕೀವು ಅಂದುಕೊಂಡೆ ಅಂದ.

"ಕೀವಲ್ಲ ಮಾರಾಯ, ಗಾಯದ ನೀರು ಹೀರಿ ಜೆಲ್ ಉಬ್ಬಿರೋದು!"

ಹೊಸದು ಹಾಕಿದಳು. ಜಿಗಿಜಿಗಿ ಅನ್ನುತ್ತೆ ಅಂತ ಅದನ್ನೂ ಕಿತ್ತ. ಮತ್ತೊಂದು ಹಾಕಿದಳು. ಮುಂದಿನ ಸಲ ಬಂದಾಗ ಕಾಲ ಮೇಲೆ ಅರ್ಧ ಹಾಳೆ ಮಾತ್ರ ಇತ್ತು.

"ಇನ್ನರ್ಧ ಎಲ್ಲಿ?"

"ನಮ್ಮ ಶೆಡ್ ಪಕ್ಕದ ಲೇತ್‌ನವನಿಗೆ ಕೊಟ್ಟೆ. ಪಾಪ, ಅವನಿಗೂ ಕೈ ಸುಟ್ಟಿತ್ತು. ಕತ್ತರೀಲಿ ನೀಟಾಗೇ ಕತ್ತರಿಸಿದೆ."

ತಂಗಿ ಚಿಮಟವನ್ನು ಟ್ರೇಗೆ ಎಸೆದಳು. "ನಿನ್ನ ಗಾಯದ ಕೊಳೆ ತಗೊಂಡು ಅವನ ಗಾಯಕ್ಕೆ ಅಂಟಿಸಿದ್ಯಾ? ನಿನಗೆ ತಲೆ ಇರೋದು ಹೆಲ್ಮೆಟ್ ಇಡೋಕಾ? ಹೋಗು, ಅವನನ್ನ ಈಗಲೇ ಕರ್ಕೊಂಡು ಬಾ!"

ಅಣ್ಣ ಕುಂಟುತ್ತಲೇ ಹೋಗಿ ಅವನನ್ನು ಕರೆತಂದ.

ಲೇತ್‌ನವನ ಕೈ ಆಗಲೇ ಕೆಂಪಗೆ ಬಾತುಕೊಂಡಿತ್ತು. ಡಾಕ್ಟರು ಮಾತ್ರೆ ಬರೆದರು. ಗಾಯ ತೊಳೆಯುವಾಗ ಅವನು ಹಲ್ಲು ಕಚ್ಚಿ ನರಳಿದ. ಮೂಲೆಯಲ್ಲಿ ನಿಂತಿದ್ದ ಅಣ್ಣನ ಮುಖ ಬಾಡಿತು.

"ನನ್ನಿಂದಾನಾ?" ಅಂದ, ಸಣ್ಣ ದನಿಯಲ್ಲಿ.

"ಹೂಂ, ಮತ್ತೆ ಇನ್ಯಾರಿಂದ?"

ಅಂದಿನಿಂದ ಅವನು ಪಟ್ಟಿಗೆ ಕೈ ಹಚ್ಚಲಿಲ್ಲ. ನಿಧಾನವಾಗಿ ಇಬ್ಬರ ಗಾಯದ ಮೇಲೂ ಎಳೆ ಗುಲಾಬಿ ಚರ್ಮ ಹರಡಿತು. ಅವಳು ಉಸ್ಸಪ್ಪಾ ಅಂದುಕೊಂಡಳು.

ಆದರೆ ಅಣ್ಣನ ಬಾಯಿಗೆ ಪಟ್ಟಿ ಹಾಕುವವರು ಯಾರು? ಒಂದು ರಜೆಯ ದಿನ ಅವಳ ಮನೆಯ ಬಾಗಿಲು ಬಡಿದ ಸದ್ದಾಯಿತು. ಮೊಣಕೈ ಸುಟ್ಟುಕೊಂಡ ಬೇಕರಿಯವನು ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು.

"ನಿಮ್ಮಣ್ಣ ಕಳಿಸಿದ್ರು ಸಿಸ್ಟರ್. ಏನೋ ತಣ್ಣಗಿರೋ ಜೆಲ್ಲಿ ಹಾಕ್ತೀರಂತಲ್ಲ?"

"ಆಸ್ಪತ್ರೆ ಅಂತ ಒಂದಿದೆ ಕಣ್ರೀ, ಅಣ್ಣ ಅದನ್ನ ಹೇಳಲಿಲ್ವಾ?" ಎಂದು ಗೊಣಗುತ್ತಲೇ ಅವಳು ಕೈ ತೊಳೆಯಲು ಒಳಗೆ ಹೋದಳು.