ಅರ್ಧಕ್ಕೆ ನಿಂತ ಮದರಂಗಿ ಬೇಲಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಎಂ.ಸಿ.ಸಿ. ಬಡಾವಣೆಯ ಮನೆಯ ಮದರಂಗಿ ಬೇಲಿ ಕತ್ತರಿಸಲು ದೊಡ್ಡ ಕತ್ತರಿ ಹಿಡಿದು ನಿಂತೆ. ಅದು ಆಳೆತ್ತರ ಬೆಳೆದು, ಸ್ಕೂಟರ್ ಒಳಗೆ ತರುವಾಗಲೆಲ್ಲ ಕೊಂಬೆಗಳು ಮುಖಕ್ಕೆ ಬಡಿಯುತ್ತಿದ್ದವು. ಗೇಟಿನ ಕಡೆಯಿಂದ ಅರ್ಧ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಜುಬೇದಮ್ಮ ಓಡಿಬಂದರು.

“ನಿಲ್ಲಸ್ರಿ ಮಂಜಣ್ಣ. ಮುಂದಿನ ವಾರ ಮೊಮ್ಮಗಳ ಮದುವೆ ಐತೆ. ಅಲ್ಲೀತನಕ ಎಲೆ ಗಿಡದಾಗೇ ಇರ್ಲಿ.”

“ಮಳೆ ಬಿಟ್ಟೈತೆ, ಈಗ ತಲೆ ಕತ್ತರಿಸಿದ್ರೆ ಬುಡದಿಂದ ದಟ್ಟಗೆ ಚಿಗುರ್ತೈತೆ. ಮದುವೆಗೆ ನಾನೇ ಮೆಹಂದಿ ಕೋನ್ ತಂದುಕೊಡ್ತೀನಿ ಬಿಡ್ರಿ” ಎಂದೆ.

ಅವರ ಮುಖ ಸಪ್ಪಗಾಯಿತು. “ಅಂಗಡಿ ಕೋನ್ ಹಚ್ಚೋದಾಗಿದ್ರೆ, ಬ್ಯಾಸಿಗ್ಯಾಗೆ ನಿಮ್ಮ ಬೇಲಿಗೆ ನಾನ್ಯಾಕ ನೀರು ಹಾಕ್ತಿದ್ದೆ?”

ಇದನ್ನು ಕೇಳಿ ಒಳಗಿಂದ ಬಂದ ನನ್ನ ಹೆಂಡತಿ ಕತ್ತರಿಯನ್ನೇ ಕಿತ್ತುಕೊಂಡಳು. “ಮದುವೆ ಮುಗಿಯೋತನಕ ಬೇಲಿ ಮುಟ್ಟಬ್ಯಾಡ್ರಿ” ಎಂದಳು.

ಅಲ್ಲಿಗೇ ಬಿಡಲಿಲ್ಲ. ಕೆಳಗೆ ಬಿದ್ದಿದ್ದ ಎಲೆಗಳನ್ನು ಇಬ್ಬರೂ ಕೂಡಿ ಆರಿಸಿ, ನಿಂಬೆರಸ ಹಿಂಡಿ ರುಬ್ಬಿದರು. ಬಣ್ಣ ಹೆಂಗೆ ಬರುತ್ತದೆಂದು ನೋಡಬೇಕಲ್ಲ?

“ಮದುವಣಗಿತ್ತಿ ಕೈಮ್ಯಾಲೆ ಪರೀಕ್ಷೆ ಮಾಡಾಕಾಗಲ್ಲ” ಎಂದು ಜುಬೇದಮ್ಮ ನನ್ನತ್ತ ನೋಡಿದರು. ಹೆಂಡತಿ ನನ್ನ ಅಂಗೈ ಹಿಡಿದು ನಡುವೆ ದುಂಡಗೆ ಹಚ್ಚಿಯೇಬಿಟ್ಟಳು. ಸಂಜೆ ತೊಳೆದಾಗ ಕಡುಗೆಂಪು. ಜುಬೇದಮ್ಮ ಗೇಟಿನಿಂದಲೇ ಇಣುಕಿ ನೋಡಿ, “ಬಣ್ಣ ಪಾಸಾತು” ಎಂದು ನಗುತ್ತಾ ಹೋದರು.

ನಾಳೆ ಆಫೀಸಿನಲ್ಲಿ ಈ ಕೈ ಕಂಡು ಯಾರ ಮದುವೆ ಎಂದು ಕೇಳೇ ಕೇಳುತ್ತಾರೆ. ಬೇಲಿ ಕತ್ತರಿಸಲು ಹೋಗಿ ಹೀಗಾಯಿತು ಎಂದರೆ ಯಾರು ನಂಬುತ್ತಾರೆ ಹೇಳಿ.